ಒಂದೂ ಕೆಂಪಿಲ್ಲದ ಹದಿನೆಂಟು ದಿನ

ಜನವರಿ 18, ಗುರುವಾರ, ಬೆಳಿಗ್ಗೆ 8 ಗಂಟೆ 10 ನಿಮಿಷ. ನನ್ನ ದಿನಚರಿಯ ಪ್ರಕಾರ ಈ ಕೆಲಸ ಶುರುವಾದದ್ದು ಆ ಹೊತ್ತಿಗೆ. ಅದಕ್ಕೆ ಮೊದಲು ಆ್ಯಪ್ ಎಂದರೆ ನನಗೆ ಫೋನಿನಲ್ಲಿ ಒತ್ತುವ ಒಂದು ಚಿತ್ರ, ಅಷ್ಟೇ.

ಬೆಳಗಾವಿಯ ಟಿಳಕವಾಡಿಯಲ್ಲಿ ಒಂದು ಸಣ್ಣ ಡಯಾಲಿಸಿಸ್ ಕೇಂದ್ರವಿದೆ. ಅಲ್ಲಿ ಹಾಜರಿ ಪುಸ್ತಕ ನೋಡಿಕೊಳ್ಳುವುದು ನನ್ನ ಕೆಲಸ. ಯಾರ ಪಾಳಿ ಯಾವ ದಿನ, ಯಾವ ಯಂತ್ರ, ಬಂದಾಗ ತೂಕವೆಷ್ಟು, ಹೋಗುವಾಗ ಎಷ್ಟು ಎಂದು ಬರೆಯುತ್ತೇನೆ. ಮೂತ್ರಪಿಂಡ ಕೆಲಸ ಬಿಟ್ಟವರ ಮೈಯಲ್ಲಿ ಎರಡು ಪಾಳಿಗಳ ನಡುವೆ ನೀರು ನಿಲ್ಲುತ್ತದೆ. ತೂಕ ಏರುವುದು ಆ ನೀರಿನಿಂದ. ಯಂತ್ರ ಅದನ್ನು ನಾಲ್ಕು ತಾಸಿನಲ್ಲಿ ತೆಗೆಯುತ್ತದೆ. ಪಾಳಿ ತಪ್ಪಿದರೆ ನೀರು ಎದೆಗೆ ಏರುತ್ತದೆ. ಮೊದಲ ಪಾಳಿ ಬೆಳಿಗ್ಗೆ ಆರೂವರೆಗೆ. ಒಂದು ತಾಸಿಗಿಂತ ತಡವಾದರೆ ಯಂತ್ರವನ್ನು ಮುಂದಿನವರಿಗೆ ಕೊಡಬೇಕು, ಅದು ನಿಯಮ.

ಆ ಗುರುವಾರ 8:10ಕ್ಕೆ ಬಾಗಿಲಿಗೆ ಬಂದವರು ಖಾನಾಪುರ ತಾಲ್ಲೂಕಿನ ಬೀಡಿ ಎಂಬ ಊರಿನಿಂದ ಒಳಗೆ ನಾಲ್ಕು ಕಿಲೋಮೀಟರ್ ಇರುವ ಹಳ್ಳಿಯ ಒಬ್ಬ ದರ್ಜಿ, ಜೊತೆಗೆ ಅವರ ಹೆಂಡತಿ. ದರ್ಜಿಗೆ ಐವತ್ತೆಂಟು ವರ್ಷ. ಹಣೆಯ ತುಂಬ ವಿಭೂತಿ, ಎದೆಯ ಮೇಲೆ ಇಷ್ಟಲಿಂಗವಿರುವ ಬೆಳ್ಳಿಯ ಕರಡಿಗೆ. ಸೋಮವಾರ, ಗುರುವಾರ ಅವರ ಪಾಳಿ. ಊರಿನ ಹಾಲಿನ ಟೆಂಪೊ ನಸುಕಿನ 4:45ಕ್ಕೆ ಬಂದರೆ ಅದರಲ್ಲಿ ಖಾನಾಪುರಕ್ಕೆ, ಅಲ್ಲಿಂದ ಬಸ್ಸಿನಲ್ಲಿ ಬೆಳಗಾವಿಗೆ. ಆ ದಿನ ಟೆಂಪೊ ಬಂದಿರಲಿಲ್ಲ.

ಅವರು ತಮ್ಮ ಯಂತ್ರದ ಕಡೆ ನೋಡಿದರು. ಅಲ್ಲಿ ಬೇರೊಬ್ಬರು ಮಲಗಿದ್ದರು.

"ತಂಗಿ, ನನ್ನ ಹೊಲಿಗಿ ಮಶೀನ್ ಮ್ಯಾಲೆ ಮೂವತ್ತು ವರ್ಷದಾಗ ಒಬ್ಬರನ್ನೂ ಕುಂದ್ರಿಸಿಲ್ಲ ನಾ. ನೀ ನೋಡಿದ್ರ ಎರಡು ತಾಸಿನ್ಯಾಗ ಮಂದಿನ್ನ ಮಲಗಿಸಿಬಿಟ್ಟಿ."

ಉಸಿರು ಎಳೆದೆಳೆದು ಹೇಳಿದರೂ ನಗಿಸಲೆಂದೇ ಹೇಳಿದ್ದರು. ಮಧ್ಯಾಹ್ನ ಒಂದು ಯಂತ್ರ ಖಾಲಿಯಾಗುವ ತನಕ ಬೆಂಚಿನ ಮೇಲೆ ನೆಟ್ಟಗೆ ಕುಳಿತರು. ಮಲಗಿದರೆ ದಮ್ಮು ಬರುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ನಮ್ಮ ಗಲ್ಲಿಯಲ್ಲಿ ಒಂದು ಬಿಳಿ ಕಾರು ಒಬ್ಬರನ್ನು ಇಳಿಸಿ ತಿರುಗಿತು. ದರ್ಜಿಯ ಹೆಂಡತಿ ಕಿಟಕಿಯಿಂದ ನೋಡಿದರು.

"ಇದು ನಮ್ಮ ಬೀಡಿ ಗಾಡೀರಿ. ನೋಡ್ರಿ, ಒಬ್ಬನ್ನ ಕರ್ಕೊಂಡು ಬಂದೈತಿ. ಮೂರು ಸೀಟು ಖಾಲಿ ಬಂದಾವು."

ಮೂರು ಖಾಲಿ ಸೀಟು ಎಂದು ನಾನು ದಿನಚರಿಯಲ್ಲಿ ಬರೆದುಕೊಂಡೆ.

ಆ ವಾರ ಹಿಂದಿನ ಮೂರು ತಿಂಗಳ ಹಾಜರಿ ತೆಗೆದು ಎಣಿಸಿದೆ. ಖಾನಾಪುರ ತಾಲ್ಲೂಕಿನಿಂದ ಬರುವವರು ಆರು ಮಂದಿ. ಹದಿಮೂರು ವಾರ, ವಾರಕ್ಕೆ ಎರಡು ಪಾಳಿ, ಒಟ್ಟು 156. ತಪ್ಪಿದ್ದು 19, ತಡವಾದದ್ದು 31. ಈ ಐವತ್ತರಲ್ಲಿ 38ಕ್ಕೆ ಕಾರಣದ ಕಾಲಮ್ಮಿನಲ್ಲಿ ನನ್ನದೇ ಅಕ್ಷರದಲ್ಲಿ "ಗಾಡಿ" ಎಂದಿತ್ತು. ಮೂರು ತಿಂಗಳು ನಾನೇ ಬರೆದಿದ್ದೆ, ಒಟ್ಟು ಮಾಡಿ ನೋಡಿರಲಿಲ್ಲ.

ಭಾನುವಾರ ಖಾನಾಪುರ ಸ್ಟ್ಯಾಂಡಿಗೆ ಹೋಗಿ ಬಾಡಿಗೆ ಗಾಡಿಗಳ ಚಾಲಕರನ್ನು ಕಂಡೆ. ಗಿರಾಕಿಯನ್ನು ತರಲು ನಸುಕಿನಲ್ಲಿ ಖಾಲಿ ಗಾಡಿ ಓಡಿಸಿಕೊಂಡು ಬೆಳಗಾವಿಗೆ ಬರುವವರು ಅವರಲ್ಲಿ ಬಹಳ ಜನ. ಖಾಲಿ ಸೀಟಿನಲ್ಲಿ ರೋಗಿಗಳನ್ನು ಕರೆತರಲು ಒಂಬತ್ತು ಮಂದಿ ಒಪ್ಪಿದರು. ಮೊದಲು ಒಪ್ಪಿದವನು ಆ ಬಿಳಿ ಕಾರಿನ ಚಾಲಕನೇ.

"ಪೇಶಂಟ್ ಅಂದ್ರ ಇಲ್ಲ ಅನ್ನೂದಿಲ್ರಿ ಬಾಯಾರ," ಎಂದ. ಆಮೇಲೆ ಪಕ್ಕದವನಿಗೆ ಮರಾಠಿಯಲ್ಲಿ ವಿಷಯ ತಿಳಿಸಿದ. ಅವನೂ ತಲೆ ಆಡಿಸಿದ.

ಇನ್ನು ಆ್ಯಪ್. ನನಗೆ ಕೋಡ್ ಬರೆಯಲು ಬರುವುದಿಲ್ಲ, ಈಗಲೂ ಬರುವುದಿಲ್ಲ. ಆದರೆ ಸ್ಪ್ರೆಡ್‌ಶೀಟ್ ಕೊಟ್ಟರೆ ಅದನ್ನೇ ಆ್ಯಪಿನ ರೂಪಕ್ಕೆ ತಂದುಕೊಡುವ ತಾಣಗಳಿವೆ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ವಿಡಿಯೊ ನೋಡಿ, ನಿಲ್ಲಿಸಿ, ಮಾಡಿ, ಮತ್ತೆ ನೋಡಿ ಕಲಿತೆ. ಮೂರು ಹಾಳೆ ಮಾಡಿದೆ: ಗಾಡಿ, ರೋಗಿ, ಪಾಳಿ. ಚಾಲಕನ ಫೋನಿನಲ್ಲಿ ಎರಡೇ ಬಟನ್. ಹಸಿರು ಎಂದರೆ "ಗಾಡಿ ಇದೆ", ಕೆಂಪು ಎಂದರೆ "ಇಲ್ಲ". ಕನ್ನಡದ ಕೆಳಗೆ ಮರಾಠಿ. ಹಸಿರು ಒತ್ತಿದವರಲ್ಲಿ ರೋಗಿಯ ಮನೆಗೆ ಹತ್ತಿರದವನ ಗಾಡಿಯನ್ನು ಆ್ಯಪ್ ತಾನೇ ಆರಿಸಿ ಮನೆಯವರಿಗೆ "ಸೀಟು ಸಿಕ್ಕಿದೆ" ಎಂಬ ಸಂದೇಶವನ್ನು, ಹಸಿರು ಒತ್ತಿದ ಉಳಿದವರ ಫೋನ್ ನಂಬರಿನ ಜೊತೆ, ಕಳಿಸಬೇಕು.

ನಮ್ಮ ಕೇಂದ್ರದ ಟೆಕ್ನಿಷಿಯನ್ ಬೆಳಗಾವಿಯವರೇ, ಕೋಟೆ ಹತ್ತಿರದ ಮನೆ. ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದರು.

"ಏನ್ ಮೇಡಂ, ಕಂಪನಿ ತಗ್ಯಾಕತ್ತೀರೇನ್? ನಮಗೊಂದು ಮ್ಯಾನೇಜರ್ ಕುರ್ಚಿ ಇಡ್ರಿ."

ಆದರೆ ದೊಡ್ಡ ತಪ್ಪನ್ನು ಹಿಡಿದವರು ಅವರೇ. ಫೆಬ್ರವರಿ 6ರಂದು ತಮ್ಮ ಫೋನಿನಲ್ಲಿ ನನ್ನ ಹಾಳೆಯನ್ನು ತೆರೆದು ತೋರಿಸಿದರು. ನಾನು ಕೊಂಡಿ ಕಳಿಸಿದ ಯಾರಿಗೇ ಆದರೂ ಆರು ರೋಗಿಗಳ ಹೆಸರು, ಊರು, ಕಾಯಿಲೆ ಎಲ್ಲ ಕಾಣುತ್ತಿತ್ತು. ವೈದ್ಯರಿಗೆ ಹೇಳಿದೆವು. ಹೆಸರು ಬೇಡ, ಕಾಯಿಲೆ ಬೇಡ, ಬರಿಯ ನಂಬರು ಇರಲಿ ಎಂದರು. ಹೀಗೆ ದರ್ಜಿ ನಂಬರ್ 3 ಆದರು.

ಅದಕ್ಕೆ ಮೊದಲು, ಫೆಬ್ರವರಿ 2ರಂದು, ಇನ್ನೊಂದು ತೊಡಕಾಗಿತ್ತು. ಬೇಗ ಹೊರಡುವ ಗಾಡಿ ಮೇಲೆ ಬರಲಿ ಎಂದು ಹೊಂದಿಸಿದ್ದೆ. ಹತ್ತೂ ಕಾಲಿನ ಗಾಡಿ ಐದರ ಗಾಡಿಗಿಂತ ಮೇಲೆ ಬಂತು. ಮೂರು ದಿನ ಕಾರಣ ತಿಳಿಯಲಿಲ್ಲ. ನಾನು ಸಮಯದ ಕಾಲಮ್ಮನ್ನು ಬರಹ ಎಂದು ಇಟ್ಟಿದ್ದೆ. ಬರಹದ ಲೆಕ್ಕದಲ್ಲಿ ಒಂದರಿಂದ ಶುರುವಾಗುವುದು ಐದರಿಂದ ಶುರುವಾಗುವುದಕ್ಕಿಂತ ಮೊದಲು ಬರುತ್ತದೆ. ಅದನ್ನು ಸಮಯ ಎಂದು ಬದಲಾಯಿಸಿದ ಮೇಲೆ ಸರಿಹೋಯಿತು. ಯಂತ್ರಕ್ಕೆ ನಾನು ಹೇಳಿದ್ದಷ್ಟೇ ತಿಳಿಯುತ್ತದೆ, ನಾನು ಅಂದುಕೊಂಡದ್ದು ತಿಳಿಯುವುದಿಲ್ಲ ಎಂದು ಆ ಪುಟದ ಅಂಚಿನಲ್ಲಿ ಬರೆದಿದ್ದೇನೆ.

ಫೆಬ್ರವರಿ 12, ಸೋಮವಾರ ಆ್ಯಪ್ ಶುರುವಾಯಿತು. ಹಿಂದಿನ ಸಂಜೆ ಎಂಟಕ್ಕೆ ಚಾಲಕರಿಗೆ ಪ್ರಶ್ನೆ ಹೋಗುತ್ತಿತ್ತು. ಆ ಸೋಮವಾರ ದರ್ಜಿ 6:20ಕ್ಕೇ ಬಂದರು. ಬಿಳಿ ಕಾರಿನಿಂದ ಇಳಿದು ನೇರ ತೂಕದ ಯಂತ್ರದ ಮೇಲೆ ನಿಂತರು. ನೀರೆಲ್ಲ ಹೋದ ಮೇಲೆ ಅವರ ತೂಕ ಐವತ್ತೆರಡು ಕಿಲೊ ಇರಬೇಕು. ಆ ದಿನ 54.3 ಇತ್ತು.

"ಕರಡಿಗಿ ತೂಕ ತಗದು ಬರಿ ತಂಗಿ. ಲಿಂಗಪ್ಪನ್ನ ನನ್ನ ನೀರಿನ ಲೆಕ್ಕಕ್ಕ ಹಚ್ಚಬ್ಯಾಡ."

ಪ್ರತಿ ಸಲವೂ ಹೀಗೆನ್ನುತ್ತಿದ್ದರು. ಕರಡಿಗೆಯನ್ನು ಒಮ್ಮೆ ಔಷಧದ ತಕ್ಕಡಿಯಲ್ಲಿಟ್ಟು ತೂಗಿದ್ದೆ, 90 ಗ್ರಾಂ. ಅಂದಿನಿಂದ ಅವರ ಸಾಲಿನಲ್ಲಿ ಆ 90 ಗ್ರಾಂ ಕಳೆದೇ ಬರೆಯುತ್ತಿದ್ದೆ. ಟೆಕ್ನಿಷಿಯನ್ ನಗುತ್ತಿದ್ದರು, ನಾನು ಬಿಡಲಿಲ್ಲ.

ಸೂಜಿ ಚುಚ್ಚಿ ಮಲಗಿಸಿದ ಮೇಲೆ ನಾಲ್ಕು ತಾಸು ಅವರಿಗೆ ಮಾತೇ ಕೆಲಸ. ಫೆಬ್ರವರಿ 22, ಗುರುವಾರ ಆ್ಯಪ್ ನೋಡಿ ಹೀಗೆ ಹೇಳಿದರು. ಮಾತು ಚೆನ್ನಾಗಿದೆ ಎಂದು ಅಂಚಿನಲ್ಲಿ ಬರೆದುಕೊಂಡಿದ್ದೆ, ಅಷ್ಟೇ.

"ಹಬ್ಬದ ಮುಂದ ಗಿರಾಕಿ ಬಂದು, ಅಂಗಿ ಆಗೇತೇನು ಅಂತಾನ. ಯಾವ ಸಿಂಪಿಗ್ಯಾ ಇಲ್ಲ ಅಂತಾನ ಹೇಳು? ಆಗೇತಿ, ಗುಂಡಿ ಹಚ್ಚೂದಷ್ಟ ಬಾಕಿ ಅಂತಾನ. ಅರಿವಿಗೆ ಇನ್ನ ಕತ್ರಿ ಹಚ್ಚಿರೂದಿಲ್ಲ!"

"ಅಂದ್ರ ಸುಳ್ಳು ಹೇಳ್ತೀರಿ," ಎಂದೆ.

"ಸುಳ್ಳಲ್ಲವ್ವಾ. ಬಾಯಿಲೆ ಇಲ್ಲ ಅನ್ನಾಕ ಮನಸ್ಸು ಬರೂದಿಲ್ಲ. ಶಾಣ್ಯಾ ಗಿರಾಕಿ ಇದ್ರ ಆಗೇತೇನು ಅಂತ ಕೇಳೂದ ಇಲ್ಲ. ಅಂಗಿ ತೋರ್ಸು ಅಂತಾನ. ಅವನ ಮುಂದ ನಮ್ಮದು ನಡಿಯೂದಿಲ್ಲ."

ಮಾರ್ಚ್ 2ಕ್ಕೆ ಮೂರು ವಾರ ಮುಗಿಯಿತು. ಭಾನುವಾರ ಬಿಟ್ಟು ಹದಿನೆಂಟು ದಿನ, ಒಂಬತ್ತು ಚಾಲಕರು, 162 ಪ್ರಶ್ನೆ. ಹಸಿರು 97, ಕೆಂಪು 41, ಉತ್ತರವಿಲ್ಲದ್ದು 24. ರೋಗಿಗಳು ತಡವಾಗುವುದು ಕಡಿಮೆಯಾಗಿತ್ತು, ಆದರೆ ಸಂಜೆ ಹಸಿರು ಒತ್ತಿದವರಲ್ಲಿ ಹನ್ನೊಂದು ಸಲ ಬೆಳಗಾಗುವುದರೊಳಗೆ ದೂರದ ಬಾಡಿಗೆ ಬಂದು ಗಾಡಿ ಹೋಗಿಬಿಟ್ಟಿತ್ತು. ಉತ್ತರ ಹಳತಾಗುತ್ತಿದೆ, ತಾಜಾ ಉತ್ತರ ಬೇಕು ಎಂದುಕೊಂಡೆ. ಪ್ರಶ್ನೆಯನ್ನು ಸಂಜೆ ಎಂಟರಿಂದ ನಸುಕಿನ ನಾಲ್ಕೂವರೆಗೆ ತಂದೆ. 4:40ಕ್ಕೆ ಮನೆಯವರಿಗೆ ಸಂದೇಶ, 5:10ಕ್ಕೆ ಗಾಡಿ. ಯಾರನ್ನೂ ಕೇಳಲಿಲ್ಲ. ಒಂದು ಸಂಖ್ಯೆ ಬದಲಾಯಿಸುವ ಕೆಲಸ, ಎರಡು ನಿಮಿಷದಲ್ಲಿ ಆಯಿತು.

ಮಾರ್ಚ್ 4ರಿಂದ 23. ಮತ್ತೆ ಹದಿನೆಂಟು ದಿನ, ಮತ್ತೆ 162 ಪ್ರಶ್ನೆ. ಹಸಿರು 139, ಉತ್ತರವಿಲ್ಲದ್ದು 23, ಕೆಂಪು ಸೊನ್ನೆ.

ಭಾನುವಾರ ಈ ಲೆಕ್ಕ ಬರೆದು ಸೊನ್ನೆಯ ಸುತ್ತ ವೃತ್ತ ಎಳೆದಿದ್ದೆ. ಕೆಳಗೆ "ಯಶಸ್ಸು" ಎಂದು ಬರೆದಿದ್ದೆ. ಪುಟ ಈಗಲೂ ಹಾಗೆಯೇ ಇದೆ, ಹರಿದಿಲ್ಲ. 41 ಇದ್ದದ್ದು ಒಂದೇ ಸಲಕ್ಕೆ ಸೊನ್ನೆಯಾದರೆ ಏನೋ ಕೆಟ್ಟಿದೆ ಎಂದು ಸಂಶಯ ಬರಬೇಕಿತ್ತು. ತೂಕದ ಯಂತ್ರ ಹದಿನೆಂಟು ದಿನ ಒಂದೇ ಸಂಖ್ಯೆ ತೋರಿಸಿದ್ದರೆ ನಾನು ಟೆಕ್ನಿಷಿಯನ್‌ರನ್ನು ಕರೆಯುತ್ತಿದ್ದೆ. ಇದು ನಾನು ಕಟ್ಟಿದ್ದು, ಆದ್ದರಿಂದ ಖುಷಿಪಟ್ಟೆ. ಮೊದಲ ಗಾಡಿ ಬಾರದಿದ್ದರೆ ಮನೆಯವರು ಎರಡನೆಯವನಿಗೋ ಮೂರನೆಯವನಿಗೋ ಫೋನ್ ಮಾಡಿ ಹೇಗೋ ಬಂದು ಸೇರುತ್ತಿದ್ದರು. ಹಾಜರಿ ಸರಿ ಇತ್ತು. ಅವರು ಎಷ್ಟು ಫೋನ್ ಮಾಡುತ್ತಿದ್ದರು ಎಂಬ ಕಾಲಮ್ಮು ನನ್ನ ಹಾಳೆಯಲ್ಲಿ ಇರಲಿಲ್ಲ.

ಮಾರ್ಚ್ 25, ಸೋಮವಾರ ಕೇಂದ್ರದ ನೀರು ಶುದ್ಧ ಮಾಡುವ ಘಟಕ ಕೆಟ್ಟಿತು. ಎಲ್ಲರ ಪಾಳಿಯನ್ನು ಎರಡೇ ತಾಸಿಗೆ ಇಳಿಸಿದೆವು. ದರ್ಜಿ ಹೋಗುವಾಗ ತೂಕ 53.8, ಅಂದರೆ ಹೆಚ್ಚುಕಡಿಮೆ ಎರಡು ಕಿಲೊ ನೀರು ಮೈಯಲ್ಲೇ ಉಳಿಯಿತು. ವೈದ್ಯರು, ಗುರುವಾರ ಏನೇ ಆದರೂ ತಪ್ಪಿಸಬಾರದು, ಅಲ್ಲಿಯವರೆಗೆ ನೀರು ಕಡಿಮೆ ಕುಡಿಯಬೇಕು ಎಂದರು.

"ಆ್ಯಪ್ ಐತಲ್ರಿ ಸಾಹೇಬ್ರ," ಎಂದರು ದರ್ಜಿ. "ಈ ಲೆಕ್ಕದವ್ವ ಮನಿ ಬಾಗಲಿಗೆ ಮೋಟಾರ್ ಕಳಸ್ತಾಳ."

ಮಾರ್ಚ್ 28, ಗುರುವಾರ. ಆ ದಿನದ ಪುಟವನ್ನು ಇದ್ದ ಹಾಗೆ ಕೊಡುತ್ತೇನೆ.

4:30 ಪ್ರಶ್ನೆ ಹೋಯಿತು. ಬೀಡಿ ಕಡೆ ಹಸಿರು ನಾಲ್ಕು. 4:40 ನಂಬರ್ 3ಕ್ಕೆ ಬಿಳಿ ಕಾರು, "ಸೀಟು ಸಿಕ್ಕಿದೆ". 5:10 ಗಾಡಿ ಇಲ್ಲ. 5:50 ದರ್ಜಿಯ ಹೆಂಡತಿಯಿಂದ ನನಗೆ ಫೋನು. ಅಷ್ಟರಲ್ಲಿ ಅವರು ನಾಲ್ವರಿಗೂ ಫೋನ್ ಮಾಡಿದ್ದರು. ಬಿಳಿ ಕಾರಿನವನು ಹಿಂದಿನ ದಿನವೇ ಬಾಡಿಗೆಗೆ ಗೋವಾಕ್ಕೆ ಹೋಗಿದ್ದ, ಅಲ್ಲಿಂದಲೇ ಹಸಿರು ಒತ್ತಿದ್ದ. ಎರಡನೆಯವನ ಗಾಡಿಯ ಕ್ಲಚ್ ಬಿಚ್ಚಿ ಗ್ಯಾರೇಜಿನಲ್ಲಿಟ್ಟಿತ್ತು. ಮೂರನೆಯವನ ಗಾಡಿಯಲ್ಲಿ ಆಗಲೇ ಮದುವೆ ಮಂದಿ ಕುಳಿತಿದ್ದರು. ನಾಲ್ಕನೆಯವನು ಫೋನ್ ಎತ್ತಲಿಲ್ಲ. 6:05ರಿಂದ 6:40 ನಾನು ಉಳಿದ ಐವರಿಗೆ ಫೋನ್ ಮಾಡಿದೆ, ಎಲ್ಲರೂ ದೂರ. ಆಂಬುಲೆನ್ಸಿಗೆ ಕೇಳಿದೆ, ಹತ್ತಿರದ್ದು ಇನ್ನೊಬ್ಬ ರೋಗಿಯೊಂದಿಗೆ ಹೊರಟಿತ್ತು. 7:45 ಅವರು ಬಸ್ಸು ಹತ್ತಿದರು. 10:25 ಕೇಂದ್ರದ ಬಾಗಿಲು. ತೂಕ 57.4.

ಆ ದಿನ ಕರಡಿಗೆಯ ತೂಕ ಕಳೆ ಎಂದು ಅವರು ಹೇಳಲಿಲ್ಲ. ತೂಕದ ಯಂತ್ರದ ಮೇಲೆ ಇಬ್ಬರು ಹಿಡಿದು ನಿಲ್ಲಿಸಬೇಕಾಯಿತು. ತುಟಿ ಕಪ್ಪಾಗಿತ್ತು. ಯಂತ್ರಕ್ಕೆ ಹಚ್ಚಿ ನಲವತ್ತು ನಿಮಿಷದಲ್ಲಿ ರಕ್ತದೊತ್ತಡ ಕುಸಿಯಿತು. ವೈದ್ಯರು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಶನಿವಾರ, ಮಾರ್ಚ್ 30, ಸಂಜೆ 4:15ಕ್ಕೆ ತೀರಿಕೊಂಡರು.

ವೈದ್ಯರು ನನ್ನನ್ನು ಕರೆದು ಕೂಡಿಸಿದರು. "ಸೋಮವಾರ ನಮ್ಮ ನೀರಿನ ಘಟಕ ಕೆಟ್ಟಿತ್ತು. ಅವರ ಹೃದಯ ಮೊದಲೇ ವೀಕ್ ಇತ್ತು. ಗುರುವಾರ ತಡ ಆತು. ಮೂರೂ ಬರಕೋ. ಒಂದನ್ನ ಮಾತ್ರ ಬರಕೋಬ್ಯಾಡ." ಮೂರೂ ಬರೆದುಕೊಂಡಿದ್ದೇನೆ. ಆ ಮೂರರಲ್ಲಿ ನಾನು ಕಟ್ಟಿದ್ದು ಒಂದಿದೆ.

ಭಾನುವಾರ ಅವರ ಊರಿಗೆ ಹೋದೆ. ಊರ ಹೊರಗಿನ ಅವರ ಹೊಲದ ಬದಿಗೆ ಗುಂಡಿ ತೋಡಿ ಲಿಂಗವಂತರ ಪದ್ಧತಿಯಂತೆ ಅವರನ್ನು ಕುಳಿತ ಭಂಗಿಯಲ್ಲೇ ಇಟ್ಟು ವಿಭೂತಿ ಹಾಕಿ ಮುಚ್ಚಿದರು. ಬೆಂಚಿನ ಮೇಲೆ ನೆಟ್ಟಗೆ ಕುಳಿತಿದ್ದ ಜನವರಿಯ ಬೆಳಗು ನೆನಪಾಯಿತು. ಮನೆಯ ಕಟ್ಟೆಯ ಮೇಲೆ ಅವರ ಹೆಂಡತಿ ನನ್ನನ್ನು ನೋಡಿ ಜಾಗ ಬಿಟ್ಟರು.

"ಕುಂದ್ರವ್ವಾ."

ನಾನು ಏನೋ ಹೇಳಲು ಹೋದೆ. ಅವರೇ ಮಾತಾಡಿದರು.

"ಅವತ್ತ ಹಾಲಿನ ಗಾಡಿ ಬರೋಬ್ಬರಿ ಟೈಮಿಗೆ ಬಂದಿತ್ತವ್ವಾ. ಹಾರ್ನ್ ಹೊಡದ. ನಾನ ಹೊರಗ ಬಂದು, ನೀ ಹೋಗಪ, ನಮಗ ಮೊಬೈಲದಾಗ ಹಸರು ಬಂದೈತಿ, ಕಾರ್ ಬರ್ತೈತಿ ಅಂತ ಹೇಳಿ ಕಳಿಸಿದ್ನಿ. ನಾನ ಕಳಿಸಿದ್ನಿ."

ಜನವರಿಯಲ್ಲಿ ಅವರಿಗೆ ನಂಬಲು ಸಾಧ್ಯವಿಲ್ಲದ ಒಂದು ಟೆಂಪೊ ಇತ್ತು. ನಂಬಿ ಅದನ್ನು ಬಿಡುವಂತೆ ಮಾಡಿದ್ದು ನನ್ನ ಹಸಿರು.

ದಾರಿಯ ಬದಿಗೆ ಬಿಳಿ ಕಾರು ನಿಂತಿತ್ತು. ಬೆಳಗಿನಿಂದ ಬೀಡಿಯಿಂದ ಮಣ್ಣಿಗೆ ಬರುವವರನ್ನು ಆ ಚಾಲಕ ಬಾಡಿಗೆ ಇಲ್ಲದೆ ಕರೆತರುತ್ತಿದ್ದ. ನನ್ನನ್ನು ನೋಡಿ ಕೆಳಗಿಳಿದ. ಕೇಳಲೇಬೇಕಿತ್ತು, ಕೇಳಿದೆ. ಗಾಡಿ ಗೋವಾದಲ್ಲಿದ್ದಾಗ ಹಸಿರು ಯಾಕೆ ಒತ್ತಿದಿರಿ?

ತಲೆ ತಗ್ಗಿಸಿ ಟೈರನ್ನು ಕಾಲಿನಿಂದ ಒತ್ತುತ್ತ ಹೇಳಿದ.

"ಬಾಯಾರ, ನೀವು ನಾಕೂವರಿಗೆ ಕೇಳ್ತೀರಿ. ಕಣ್ಣು ಬಿಟ್ಟ ಕೂಡ್ಲೆ. ಇನ್ನ ಗಾಡಿಗೆ ಊದಿನಕಡ್ಡಿ ಹಚ್ಚಿರೂದಿಲ್ಲ, ಬೋಣಿಗಿ ಆಗಿರೂದಿಲ್ಲ. ದಿನದ ಮೊದಲನೇ ಮಾತು ಇಲ್ಲ ಅಂತ ಹ್ಯಾಂಗ ಒತ್ತೂದ್ರಿ? ಆ ದಿವಸ ಗಾಡಿ ಹೊಳ್ಳಿ ಮನಿಗೆ ಬರೂದಿಲ್ಲ ಅಂತೀವಿ ನಾವು."

"ಎಲ್ಲಾರೂ ಹಂಗ ಅಂತೀರೇನು?"

"ಎಲ್ಲಾರೂ. ಮರಾಠಿಯವ್ರೂ ಹಂಗ. ಬಟನ್ ಬದಲಿ ನೀವ ಫೋನ್ ಹಚ್ಚಿ ಕೇಳಿದ್ರ ನಾನೂ ಹೇಳ್ತಿದ್ನಿ, ಬಾಯಾರ, ಗೋವಾದಾಗ ಅದೀನಿ, ಬ್ಯಾರೇದವ್ರಿಗೆ ಹೇಳ್ರಿ ಅಂತ. ಆ ಕೆಂಪಕ್ಕ ಮಾತ್ರ ಬೆರಳು ಹೋಗಲಿಲ್ರಿ. ಯಾರರ ಒಬ್ಬರು ಹೋಗ್ತಾರಂತ ಅನಕೊಂಡ್ನಿ." ಕಾರಿನ ಬಾಗಿಲಿಗೆ ಕೈ ಹಾಕಿ, "ಹೋದ್ ವರ್ಷ ಅವರ ನನ್ನ ಅಂಗಿ ಹೊಲದಿದ್ರು," ಎಂದ.

ಸಂಜೆಯ ಪ್ರಶ್ನೆಗೆ ಅವರೇ 41 ಸಲ ಕೆಂಪು ಒತ್ತಿದ್ದರು. ದಿನ ಮುಗಿಯುವ ಹೊತ್ತಿಗೆ "ಇಲ್ಲ" ಎನ್ನಲು ಅಡ್ಡಿಯಿರಲಿಲ್ಲ. ನಾನು ಪ್ರಶ್ನೆಯನ್ನು ಬೋಣಿಗೆಯ ಮುಂದಕ್ಕೆ, ಅಂದರೆ ದಿನದ ಮೊದಲ ವ್ಯವಹಾರಕ್ಕೂ ಮೊದಲಿಗೆ, ತಂದಿಟ್ಟಿದ್ದೆ. ಇದು ನನಗೆ ತಿಳಿಯದ ವಿಷಯವೇ? ನನ್ನ ಅವ್ವ ಡಬ್ಬಿಯಲ್ಲಿ ಅಕ್ಕಿ ತೀರಿದರೆ ಬೆಳಿಗ್ಗೆ ಎದ್ದು "ಅಕ್ಕಿ ಇಲ್ಲ" ಎನ್ನುವುದಿಲ್ಲ, "ಅಕ್ಕಿ ಹೆಚ್ಚಾಗ್ಯಾವ" ಎನ್ನುತ್ತಾಳೆ. ಆ ಮನೆಯಲ್ಲಿ ಬೆಳೆದವಳು ನಾನು. ಆದರೂ ನಸುಕಿನ ನಾಲ್ಕೂವರೆಗೆ ಒಂಬತ್ತು ಮಂದಿಯ ಕೈಗೆ "ಇಲ್ಲ" ಎಂಬ ಬಟನ್ ಕೊಟ್ಟು ಒತ್ತಿರಿ ಎಂದಿದ್ದೆ.

ಏಪ್ರಿಲ್ 1ರಂದು ಆ್ಯಪ್ ಮುಚ್ಚಿದೆ. ಅದೇ ದಿನ ಕಾಯುವವರ ಪಟ್ಟಿಯಿಂದ ನಂಬರ್ 3ಕ್ಕೆ ಹೊಸ ರೋಗಿ ಬಂದರು. ಯಂತ್ರ ಒಂದು ದಿನವೂ ಖಾಲಿ ಇರುವುದಿಲ್ಲ. ನಂದಗಡದಿಂದ ಆಚೆ, ಕಾಡಂಚಿನ ಹಳ್ಳಿಯ ಅಂಗನವಾಡಿ ಸಹಾಯಕಿ. ಮೂವತ್ತಾರು ವರ್ಷ. ಅದೇ ಸೋಮವಾರ, ಗುರುವಾರ. ಆ ವಾರ ಆರು ಮಂದಿಯ ಹನ್ನೆರಡು ಪಾಳಿಯಲ್ಲಿ ಐದು ತಡ, ಒಂದು ತಪ್ಪಿತು. ತಪ್ಪಿದ್ದು ಈ ಸಹಾಯಕಿಯದು.

ಅದು ತಪ್ಪಿದ ಗುರುವಾರ ಬೆಳಿಗ್ಗೆ ಟೆಕ್ನಿಷಿಯನ್ ಚೇಷ್ಟೆ ಮಾಡಲಿಲ್ಲ.

"ಮುಚ್ಚಿದ್ರ ನಿಮಗ ಹಗರ ಆಗ್ತೈತಿ ಮೇಡಂ. ಅವರಿಗೆ ಆಗೂದಿಲ್ಲ."

"ಮತ್ತ ಹಸಿರು ತೋರಿಸಿ ಕೊಲ್ಲಲೇನು?"

"ಹಸಿರು ತೋರಸಬ್ಯಾಡ್ರಿ. ಬ್ಯಾರೆ ಏನರ ತೋರಿಸ್ರಿ," ಎಂದು ಸೂಜಿಗಳ ತಟ್ಟೆ ಎತ್ತಿಕೊಂಡು ಹೋದರು.

ಏಪ್ರಿಲ್ 4, ಗುರುವಾರ, ಊಟದ ಬಿಡುವು. ಹಳೆಯ ಪುಟಗಳಲ್ಲಿ ಎಲ್ಲಿ ಏನು ತಪ್ಪಿತು ಎಂದು ಮೊದಲಿಂದ ನೋಡುತ್ತಿದ್ದೆ. ಫೆಬ್ರವರಿ 22ರ ಅಂಚು ಸಿಕ್ಕಿತು. ಶಾಣ್ಯಾ ಗಿರಾಕಿ ಆಗೇತೇನು ಅಂತ ಕೇಳೂದ ಇಲ್ಲ, ಅಂಗಿ ತೋರ್ಸು ಅಂತಾನ. ಎರಡು ಸಲ ಓದಿದೆ. ಅವರು ನನ್ನ ಆ್ಯಪಿನ ತಪ್ಪನ್ನು ನನ್ನೆದುರೇ, ಸೂಜಿ ಚುಚ್ಚಿದ ಕೈಯನ್ನು ಅಲುಗಿಸದೆ ಹೇಳಿದ್ದರು. ನಾನು ಅದನ್ನು ಸೊಗಸಾದ ಮಾತು ಎಂದು ಬರೆದುಕೊಂಡಿದ್ದೆ.

ಎರಡೂ ಬಟನ್ ತೆಗೆದೆ. ಪ್ರಶ್ನೆಯನ್ನೂ ತೆಗೆದೆ. ಈಗ ಚಾಲಕನ ಪರದೆಯಲ್ಲಿ ಇರುವುದು ಕ್ಯಾಮೆರಾ ಒಂದೇ. ಗಾಡಿ ಚಾಲೂ ಮಾಡಿ, ಎಷ್ಟು ಕಿಲೋಮೀಟರ್ ಓಡಿದೆ ಎಂದು ತೋರಿಸುವ ಅಂಕಿಯ ಫೋಟೊ ಕಳಿಸಬೇಕು, ಅದನ್ನು ತೆಗೆದ ಜಾಗವೂ ಜೊತೆಗೆ ಬರುತ್ತದೆ. 4:15ರಿಂದ 4:40ರ ಒಳಗೆ ಫೋಟೊ ಬಂದರೆ ಮಾತ್ರ ಆ ಗಾಡಿ ಪಟ್ಟಿಗೆ ಬರುತ್ತದೆ. ಗಾಡಿ ಇಲ್ಲದವನು ಏನೂ ಮಾಡಬೇಕಿಲ್ಲ. ಯಾರೂ ಏನನ್ನೂ ಇಲ್ಲ ಎನ್ನಬೇಕಿಲ್ಲ. ಊದಿನಕಡ್ಡಿ ಹಚ್ಚಿ ಫೋಟೊ ತೆಗೆದರೂ ಆಗುತ್ತದೆ. ಕೆಲವು ಫೋಟೊಗಳಲ್ಲಿ ಹೊಗೆ ಕಾಣುತ್ತದೆ. ಹಳೆಯ ಫೋಟೊ ಬಾರದಂತೆ ಇಂದಿನ ಅಂಕಿ ಹಿಂದಿನ ಫೋಟೊದ್ದಕ್ಕಿಂತ ಹೆಚ್ಚಿರದಿದ್ದರೆ ಸಾಲು ತಾನೇ ಬಿದ್ದುಹೋಗುವಂತೆ ಮಾಡಿದೆ. ಅಂಕಿಯನ್ನು ಫೋಟೊ ನೋಡಿ ನಾನೇ ತುಂಬುತ್ತೇನೆ, ಅದಕ್ಕಾಗಿ ನಾಲ್ಕು ಗಂಟೆಗೆ ಏಳುತ್ತೇನೆ. ಮನೆಯವರ ಪರದೆಯ ಮೊದಲ ಸಾಲು ಇದು: ಗಾಡಿ ಬಾಗಿಲಿಗೆ ಬರುವ ತನಕ ಬೇರೆ ಗಾಡಿಯನ್ನು ಬಿಡಬೇಡಿ.

ಹೊಸ ಪರದೆಯನ್ನು ಮೊದಲು ತೋರಿಸಿದ್ದು ಬಿಳಿ ಕಾರಿನವನಿಗೆ. ಅವನು ಬಹಳ ಹೊತ್ತು ನೋಡಿ, "ಇದರಾಗ ಸುಳ್ಳ ಹೇಳಾಕ ಜಾಗಾನ ಇಲ್ರಿ," ಎಂದ. ದೂರಿನಂತೆ ಹೇಳಲಿಲ್ಲ.

ಏಪ್ರಿಲ್ 8ರಿಂದ ಜೂನ್ 8, ಒಂಬತ್ತು ವಾರ, ಐವತ್ನಾಲ್ಕು ದಿನ, 486 ಅವಕಾಶ. ಫೋಟೊ ಬಂದದ್ದು 268. ಫೋಟೊ ಬಂದೂ ಗಾಡಿ ಬಾರದ್ದು ಎರಡು ಸಲ, ಎರಡಕ್ಕೂ ದಾರಿಯಲ್ಲಿ ಟೈರು ಹೋದದ್ದು ಕಾರಣ. ಫೋಟೊ ಬಾರದ್ದು 218. ಈ ಸಲ ಆ ಸಂಖ್ಯೆಯನ್ನು ಸುಮ್ಮನೆ ಬಿಡಲಿಲ್ಲ. ಪ್ರತಿಯೊಬ್ಬರಿಗೂ ಮಧ್ಯಾಹ್ನ ಫೋನ್ ಮಾಡಿ ಬೆಳಿಗ್ಗೆ ಏನಾಗಿತ್ತು ಎಂದು ಕೇಳಿದೆ. 157 ಸಲ ಖರೇನೇ ಗಾಡಿ ಇರಲಿಲ್ಲ. 61 ಸಲ ಗಾಡಿ ಮನೆ ಮುಂದೆ ನಿಂತಿತ್ತು, ಚಾಲಕ ಫೋಟೊ ತೆಗೆದೂ ಇದ್ದ, ನೆಟ್‌ವರ್ಕ್ ಇಲ್ಲದೆ ಅದು ಫೋನಿನಲ್ಲೇ ಉಳಿದಿತ್ತು. ಆ 61ರಲ್ಲಿ ಬಹುಪಾಲು ನಂದಗಡದ ಆಚೆಯವು. ಅದರಿಂದ ಅಂಗನವಾಡಿ ಸಹಾಯಕಿಗೆ ನಾಲ್ಕು ಪಾಳಿ ತಡವಾಗಿದೆ. ಅವರು ಕೇಂದ್ರಕ್ಕೆ ಬಂದಾಗಿನ ತೂಕ ಆ ನಾಲ್ಕೂ ದಿನ ನನ್ನ ಹತ್ತಿರ ಇದೆ. ಕೊನೆಯ ಸಲದ್ದು ಚೆನ್ನಾಗಿರಲಿಲ್ಲ.

ಅವರು ಈಗ ನಸುಕಿನಲ್ಲಿ ಮನೆಯ ಹಿಂದಿನ ದಿಬ್ಬ ಹತ್ತಿ ಸಿಗ್ನಲ್ ಹುಡುಕುತ್ತಾರೆ. "ಏರಬಾರದ್ರಿ, ದಮ್ಮು ಬರ್ತೈತಿ," ಎಂದೆ. "ಮತ್ತ ಗಾಡಿ ಬರೂದು ನನಗ ಹ್ಯಾಂಗ ಗೊತ್ತಾಗಬೇಕ್ರಿ?" ಎಂದರು.

ನನಗೆ ಬೇಕಾದದ್ದು ಇಷ್ಟು. ಫೋಟೊ ಬಾರದ ಬೆಳಿಗ್ಗೆ, ಆ ಮೌನ ಗಾಡಿ ಇಲ್ಲದ್ದೋ ನೆಟ್‌ವರ್ಕ್ ಇಲ್ಲದ್ದೋ ಎಂದು 4:40ಕ್ಕೆ ಬೇರ್ಪಡಿಸಿ ತಿಳಿಯುವ ದಾರಿ ಇದೆಯೇ? ಮಿಸ್ಡ್ ಕಾಲ್, ಸಾದಾ ಸಂದೇಶ ಎರಡನ್ನೂ ನೋಡಿದೆ. ಆ ಹಳ್ಳಿಗಳಲ್ಲಿ ಆ ಹೊತ್ತಿಗೆ ಅವೂ ಹೋಗುವುದಿಲ್ಲ. ಕೋಡ್ ಬರೆಯಬಲ್ಲವರು, ಕಾಡಿನ ಊರುಗಳಲ್ಲಿ ಗಾಡಿ ಓಡಿಸುವವರು, ಇಂಥದ್ದನ್ನು ಬೇರೆಲ್ಲಾದರೂ ಕಟ್ಟಿದವರು ಇದನ್ನು ಓದುತ್ತಿದ್ದರೆ ಸಂಪಾದಕರ ಮೂಲಕ ನನಗೆ ಬರೆಯಿರಿ. ನನ್ನ ಮೂರೂ ಹಾಳೆಗಳನ್ನು ಹೆಸರಿಲ್ಲದೆ ಕಳಿಸಿಕೊಡುತ್ತೇನೆ. ಇದು ಆಗದ ಕೆಲಸ ಎಂದು ನಿಮಗೆ ಗೊತ್ತಿದ್ದರೆ ನನ್ನ ಮನಸ್ಸಿಗೆಂದು ಆಗುತ್ತದೆ ಎನ್ನಬೇಡಿ. ಇಲ್ಲ ಎಂದೇ ಬರೆಯಿರಿ. ಆ ಉತ್ತರಕ್ಕೂ ನನ್ನ ಹಾಳೆಯಲ್ಲಿ ಈಗ ಒಂದು ಕಾಲಮ್ಮು ಇದೆ.